ಸಬ್ಬಸಿಗೆ ಹಾಕಿದ ಮೀನು

ಅರಸೀಕೆರೆ
8 ಜುಲೈ 2003

ಪ್ರೀತಿಯ ಮಾಲಿನಿಗೆ,

ಬುದ್ಧ ಪೂರ್ಣಿಮೆಗೆಂದು ನೀನು ಕಳಿಸಿದ ಕಾರ್ಡು ಜೂನ್ ತಿಂಗಳಲ್ಲಿ ಕೈಸೇರಿತು. ಹಡಗು ನಿಂತಿರುವ ಆ ಬಂದರಿನ ಚಿತ್ರವನ್ನು ಅತ್ತೆ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದಾರೆ. ಕ್ವಾರ್ಟರ್ಸಿಗೆ ಯಾರು ಬಂದರೂ, "ನಮ್ಮ ಮಾಲಿನಿ ದಿನಾ ಇದೇ ದಾರೀಲಿ ಆಸ್ಪತ್ರೆಗೆ ಹೋಗದು" ಎನ್ನುತ್ತಾರೆ. ಹೌದೋ ಅಲ್ಲವೋ ಗೊತ್ತಿಲ್ಲದೆ ನಾನೂ ಹೂಂಗುಟ್ಟುತ್ತೇನೆ.

ಉತ್ತರ ಬರೆಯುವುದು ತಡವಾಯಿತು. ಶಾಲೆ ಶುರುವಾಗಿದೆ. ಈ ವರ್ಷ ಹಾರನಹಳ್ಳಿಯಲ್ಲಿ ನನಗೆ ಆರು ಮತ್ತು ಏಳನೇ ತರಗತಿ ಎರಡನ್ನೂ ವಹಿಸಿದ್ದಾರೆ. ಸಂಜೆ ಟೆಂಪೋದವನು ಗಾಡಿ ತುಂಬುವ ತನಕ ಹೊರಡುವುದಿಲ್ಲ. ಮನೆ ಸೇರಿ ಕೈಕಾಲು ತೊಳೆಯುವಷ್ಟರಲ್ಲಿ ದೀಪ ಹಾಕುವ ಹೊತ್ತು. ಆಮೇಲೆ ಖಾರ ರುಬ್ಬಿ, ಸಾರು ಕುದಿಸಿ, ಮುದ್ದೆ ತಿರುವುವಷ್ಟು ಕಸುವು ಉಳಿದಿರುವುದಿಲ್ಲ.

ಅದಕ್ಕೇ ನಿನ್ನಿಂದ ಒಂದು ಉಪಕಾರ ಆಗಬೇಕು. ಹಿಂದೊಮ್ಮೆ ನೀನು ಬರೆದಿದ್ದೆ: ಕೆಲಸದಿಂದ ಬಂದು ಮೀನನ್ನು ಓವನ್‌ನಲ್ಲಿಟ್ಟು, ಬಟ್ಟೆ ಬದಲಾಯಿಸಿ ಬರುವಷ್ಟರಲ್ಲಿ ಊಟ ತಯಾರು ಅಂತ. ಅದನ್ನು ಹೇಗೆ ಮಾಡುವುದೆಂದು ಬಿಡಿಸಿ ಬರೆ. ಎಣ್ಣೆ, ಖಾರ, ಉಪ್ಪು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಮುಳ್ಳಿರಬಾರದು. ಬೆರಳು ಮುಟ್ಟಿಸಿದರೆ ಬಿಟ್ಟುಕೊಳ್ಳುವಷ್ಟು ಮೆತ್ತಗಿರಬೇಕು, ಆದರೆ ಸಾರಿನ ಹಾಗೆ ಸೋರಬಾರದು.

ನಿಮ್ಮಣ್ಣ ಚೆನ್ನಾಗಿದ್ದಾರೆ. ಲೈನ್ ಮೇಲೆ ಹೋಗಿದ್ದಾರೆ. ಭಾನುವಾರ ಪುಟ್ಟಸ್ವಾಮಿಯ ಎಸ್.ಟಿ.ಡಿ. ಬೂತಿಗೆ ಫೋನ್ ಮಾಡಿದಾಗ ಅಣ್ಣನನ್ನೇ ಕರೆಯಿರಿ ಎಂದು ಹಟ ಮಾಡಬೇಡ. ಗೂಡ್ಸ್ ಗಾಡಿಯ ಗಾರ್ಡಿಗೆ ಭಾನುವಾರ ಎಂಬುದಿಲ್ಲ, ನಿನಗೆ ಗೊತ್ತಿರುವುದೇ.

ಅತ್ತೆ ನಿನ್ನ ಕೂದಲಿಗೆ ಎಣ್ಣೆ ಹಚ್ಚಿಕೋ ಎಂದು ಬರೆಯಲು ಹೇಳಿದರು.

ನಿನ್ನ ಅತ್ತಿಗೆ,
ಲತಾಮಣಿ


ಅಬರ್ಡೀನ್
22 ಜುಲೈ 2003

ಅತ್ತಿಗೆ,

ಕಾರ್ಡಿನಲ್ಲಿರುವುದು ನನ್ನ ದಾರಿಯಲ್ಲ. ನಾನು ಬಂದರಿನ ಕಡೆ ಹೋಗುವುದೇ ಇಲ್ಲ. ಅವ್ವನಿಗೆ ಮಾತ್ರ ಹೇಳಬೇಡಿ, ಅದೇ ದಾರಿ ಅಂತಿರಲಿ.

ಮೀನಿನ ವಿಷಯ ಕೇಳಿದ್ದು ಖುಷಿಯಾಯಿತು. ಮುದ್ದೆ ಸಾರು ಬಿಟ್ಟು ಬೇರೆಯದನ್ನು ನೀವು ಕೇಳಿದ್ದು ಇದೇ ಮೊದಲು. ಇಲ್ಲಿ ಸಿಗುವುದು ಸಾಲ್ಮನ್ ಎಂಬ ಮೀನು. ಮಾಂಸದ ಬಣ್ಣ ಕ್ಯಾರೆಟ್ ತುರಿದಂತೆ. ಮೊದಲ ಸಲ ನೋಡಿದಾಗ ಬಣ್ಣ ಹಾಕಿದ್ದಾರೇನೋ ಅಂದುಕೊಂಡೆ. ಅಂಗಡಿಯವರೇ ಅಂಗೈಯಗಲ ತುಂಡು ಮಾಡಿ ಮುಳ್ಳು ತೆಗೆದಿಟ್ಟಿರುತ್ತಾರೆ. ನಾನು ಬಂದ ಕೂಡಲೇ ಓವನ್ ಹಚ್ಚುತ್ತೇನೆ. ಅದು ಕಾಯುವಷ್ಟರಲ್ಲಿ ಮೀನಿನ ತೇವ ಒರೆಸಿ, ಚೂರು ಉಪ್ಪು, ಕುಟ್ಟಿದ ಮೆಣಸು, ನಿಂಬೆ ಹಣ್ಣಿನ ಬಿಲ್ಲೆ, ಬೆರಳ ತುದಿಯಷ್ಟು ಬೆಣ್ಣೆ. ಎಲ್ಲವನ್ನೂ ಬೆಳ್ಳಿ ಹಾಳೆಯಂಥ ಕಾಗದದಲ್ಲಿ ಸಡಿಲವಾಗಿ ಸುತ್ತಿ ಒಳಗಿಡುವುದು, ಅಷ್ಟೆ. ಆವಿ ಒಳಗೇ ಸುತ್ತಿ ಮೀನು ತನ್ನ ನೀರಿನಲ್ಲೇ ಬೇಯುತ್ತದೆ. ಚಮಚದಲ್ಲಿ ಒತ್ತಿದರೆ ಪದರ ಪದರವಾಗಿ ಬಿಡಬೇಕು. ಜಾಸ್ತಿ ಹೊತ್ತು ಬಿಟ್ಟರೆ ಒಣಗಿ ಹತ್ತಿಯಂತಾಗುತ್ತದೆ, ಅದೊಂದೇ ಹುಷಾರು.

ಮೇಲೆ ಒಂದು ಸೊಪ್ಪು ಉದುರಿಸುತ್ತಾರೆ. ಯಾವುದು ಗೊತ್ತೇ? ಅಂಗಡಿಯಲ್ಲಿ ಮೂಗಿಗೆ ಹಿಡಿದವಳು ಹಾಗೇ ನಿಂತುಬಿಟ್ಟೆ. ನಮ್ಮ ಸಬ್ಬಸಿಗೆ ಸೊಪ್ಪು. ಇಲ್ಲಿ ಅದನ್ನು ಮೀನಿಗೇ ಬೆಳೆದಂತೆ ಬಳಸುತ್ತಾರೆ.

ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ. ಹೇಳುವಂಥದ್ದೇನಿಲ್ಲ.

ಒಂದು ಮಾತು. ಮೆತ್ತಗಿರಬೇಕು, ಮುಳ್ಳಿರಬಾರದು ಎಂದು ಬರೆದದ್ದು ಓದಿದ ಕೂಡಲೇ ನನಗೆ ಅರ್ಥವಾಯಿತು. ಅವ್ವನ ಹಲ್ಲು ಹೋಗುತ್ತಿವೆ ಅಲ್ಲವೆ? ನಾನು ನೊಂದುಕೊಳ್ಳುತ್ತೇನೆಂದು ಮುಚ್ಚಿಡುವುದು ಬೇಡ. ಅಣ್ಣನಿಗೆ ಹೇಳಿ ಹಾಸನದಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಣ್ಣನಿಗೂ ಒಂದು ಮಾತು ಹೇಳಿ, ತಂಗಿಗೆ ಎರಡು ಸಾಲು ಬರೆದರೆ ಗಾಡಿಯೇನೂ ತಡವಾಗುವುದಿಲ್ಲ ಅಂತ. ಆರೇಳು ಭಾನುವಾರದಿಂದ ಅವನ ಧ್ವನಿಯೇ ಕೇಳಿಲ್ಲ.

ಮಾಲಿನಿ


ಅರಸೀಕೆರೆ
6 ಆಗಸ್ಟ್ 2003

ಪ್ರೀತಿಯ ಮಾಲಿನಿ,

ನಿನ್ನ ಕಾಗದ ಬಂದ ದಿನವೇ ಮೀನು ತಂದೆ. ಹಳೇಬೀಡಿನ ಜವರಪ್ಪ, ಕೆರೆ ಮೀನನ್ನು ಮಧ್ಯಾಹ್ನದ ಬಸ್ಸಿಗೆ ಇಲ್ಲಿಗೆ ತಂದು ಬಸ್ ಸ್ಟ್ಯಾಂಡ್ ಹಿಂದೆ ಮಾರುತ್ತಾನೆ. ನಾನು ಟೆಂಪೋ ಇಳಿಯುವ ತನಕ ನನಗೊಂದು ಮೀನು ಎತ್ತಿಟ್ಟಿರುತ್ತಾನೆ. ಕಾಟ್ಲಾ ಬೇಡ, ಮುಳ್ಳು ಕಡಿಮೆ ಇರುವುದು ಕೊಡು ಎಂದೆ. "ಹಂಗಾರೆ ಕೊರವ ತಗಳ್ರವ್ವ. ನಡುಮುಳ್ಳು ಒಂದು ಎಳೆದ್ರೆ ಮುಗೀತು, ಮಿಕ್ಕಿದ್ದೆಲ್ಲ ಮಾಂಸನೆಯ" ಎಂದ. ನೋಡಲು ಹಾವಿನ ತಲೆ. ಅತ್ತೆ ಮಾತ್ರ ಒಳ್ಳೆ ಮೀನು ಅಂದರು.

ನಮ್ಮಲ್ಲಿ ಓವನ್ ಎಲ್ಲಿದೆ. ಶಾಲೆಯಲ್ಲಿ ಶ್ಯಾಮಲಾ ಟೀಚರು ಕುಕ್ಕರಿನಲ್ಲಿ ಕೇಕ್ ಮಾಡುತ್ತಾರೆ, ಅವರನ್ನು ಕೇಳಿಕೊಂಡು ಬಂದೆ. ಕುಕ್ಕರಿನ ತಳಕ್ಕೆ ಒಣ ಮರಳು ಹರಡಿ, ವಿಷಲ್ಲು, ರಬ್ಬರು ಎರಡನ್ನೂ ತೆಗೆದು ಕಾಯಿಸುವುದು. ಬೆಳ್ಳಿ ಕಾಗದದ ಬದಲು ಬಾಳೆ ಎಲೆಯನ್ನು ಉರಿಯ ಮೇಲೆ ಬಾಡಿಸಿ ಸುತ್ತಿದೆ. ಮೊದಲ ದಿನ ಎಲೆ ಕರಕಲಾಗಿ ಮೀನು ನಡುವೆ ಹಸಿಯಾಗಿತ್ತು. ಎರಡನೇ ಸಲ ಉರಿ ಸಣ್ಣ ಮಾಡಿದೆ, ಹದವಾಗಿ ಬಂತು. ಎಲೆ ಬಿಚ್ಚಿದಾಗ ನೀನು ಹೇಳಿದಂತೆ ಪದರ ಪದರವಾಗಿ ಬಿಟ್ಟುಕೊಂಡಿತು.

ಸಬ್ಬಸಿಗೆ ನೋಡಿ ಅತ್ತೆ ಅಡಿಗೆ ಮನೆ ಬಾಗಿಲಲ್ಲೇ ನಿಂತರು. "ಅದನ್ನ ಬಾಣಂತೀರ್ಗೆ ಹಾಕದು ಕಣವ್ವ, ಮೀನಿಗಲ್ಲ. ಇದೇನು ಮೀನು ಹೆತ್ತೈತಾ?" ನಿನ್ನ ಹೆಸರು ಹೇಳಿದ ಮೇಲೆ ಸುಮ್ಮನಾದರು. ತಿಂದು ನೋಡಿ, "ವಾಸನೆ ಪರವಾಗಿಲ್ಲ" ಎಂದರು. ಈಗ ವಾರಕ್ಕೆರಡು ದಿನ ಇದೇ ಊಟ. ನಾನು ಉಡುಪು ಬದಲಾಯಿಸಿ, ನಾಳೆಯ ಪಾಠಕ್ಕೆ ನೋಟ್ಸ್ ಆಫ್ ಲೆಸನ್ ಬರೆಯುವಷ್ಟರಲ್ಲಿ ಆಗಿರುತ್ತದೆ.

ಹೌದು, ನೀನು ಊಹಿಸಿದ್ದು ಸರಿ. ಅತ್ತೆಯ ಹಲ್ಲು.

ಇನ್ನೊಂದೆರಡು ಕೇಳುವುದಿದೆ. ನಿಧಾನವಾಗಿ ಊಟ ಮಾಡುವವರಾದರೆ ಮೀನು ಆರಿದ ಮೇಲೆ ಗಟ್ಟಿಯಾಗದ ಹಾಗೆ ಏನು ಮಾಡಬೇಕು? ತಟ್ಟೆ ಜಾರದಂತೆ ಇಡಲು ಅಲ್ಲಿ ಏನಾದರೂ ಉಪಾಯ ಉಂಟೆ? ಮತ್ತೆ, ನೀರು ಕುಡಿದಾಗ ನೆತ್ತಿಗೆ ಹತ್ತುತ್ತದೆ. ಮಜ್ಜಿಗೆಗೂ ಹಾಗೇ. ಗಟ್ಟಿ ಪದಾರ್ಥಕ್ಕೆ ಅಷ್ಟಾಗಿ ಇಲ್ಲ. ಅತ್ತೆಗೆ ವಯಸ್ಸಾಯಿತಲ್ಲ, ಅದಕ್ಕೇ ಕೇಳಿದೆ. ಗಾಬರಿ ಏನಿಲ್ಲ.

ನಿಮ್ಮಣ್ಣ ಚೆನ್ನಾಗಿದ್ದಾರೆ.

ಲತಾಮಣಿ


ಅಬರ್ಡೀನ್
17 ಆಗಸ್ಟ್ 2003

ಅತ್ತಿಗೆ,

ಮೊದಲು ಮಾಡಬೇಕಾದದ್ದನ್ನು ಬರೆಯುತ್ತೇನೆ. ಮಲಗಿಸಿಕೊಂಡು, ಒರಗಿಸಿಕೊಂಡು ಏನನ್ನೂ ಕುಡಿಸಬೇಡಿ. ಬೆನ್ನು ನೆಟ್ಟಗೆ ಕೂರಿಸಿ. ಗಲ್ಲ ಎದೆಯ ಕಡೆ ಚೂರು ಬಗ್ಗಿರಲಿ. ಬರೀ ನೀರು ಬೇಡ, ತೆಳುವಾದ ರಾಗಿ ಅಂಬಲಿಯಷ್ಟು ಗಟ್ಟಿ ಇರಲಿ, ಒಂದೊಂದೇ ಚಮಚ. ನುಂಗಿದ್ದು ನೋಡಿಕೊಂಡು ಮುಂದಿನದು. ಉಂಡ ಮೇಲೂ ಸ್ವಲ್ಪ ಹೊತ್ತು ಕೂತಿರಲಿ. ಜ್ವರ ಬಂದರೆ, ಕಫ ಕಟ್ಟಿದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ನೆತ್ತಿಗೆ ಹತ್ತುತ್ತಿರುವುದನ್ನು ಈಗಲೇ ಅವರಿಗೆ ತಿಳಿಸಿ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಮೀನನ್ನು ಎಲೆಯಲ್ಲೇ ಬಿಟ್ಟು, ತಿನ್ನುವಷ್ಟು ಮಾತ್ರ ಬಿಚ್ಚಿದರೆ ಒಣಗುವುದಿಲ್ಲ.

ಈಗ ಹೇಳಿ. ಯಾವ ಕೈ ಹೋಗಿದೆ, ಬಲಗೈಯೋ ಎಡಗೈಯೋ? ಮಾತು ಬರುತ್ತಿದೆಯೆ?

ಅವ್ವನ ಹಲ್ಲಿಗೂ ನೀರು ನೆತ್ತಿಗೆ ಹತ್ತುವುದಕ್ಕೂ ಸಂಬಂಧವಿಲ್ಲ, ಜಾರುವ ತಟ್ಟೆಗಂತೂ ಇಲ್ಲವೇ ಇಲ್ಲ. ಎರಡೂ ಕೈ ಇರುವವರ ತಟ್ಟೆ ಜಾರುವುದಿಲ್ಲ ಅತ್ತಿಗೆ. ಅವ್ವ ಬಾಗಿಲಲ್ಲಿ ನಿಂತು ನಿಮ್ಮನ್ನು ಹಾಗೆ ಆಡಿಕೊಂಡರು ಎಂದರೆ ಅವ್ವ ಗಟ್ಟಿಯಾಗಿದ್ದಾರೆ. ಇನ್ನು ಉಳಿದವನು ಒಬ್ಬನೇ.

ನಿನ್ನೆ ಬೂತಿಗೆ ಫೋನ್ ಮಾಡಿದೆ. ನಿಮ್ಮನ್ನು ಕರೆಸಲಿಲ್ಲ, ಪುಟ್ಟಸ್ವಾಮಿಯನ್ನೇ ಕೇಳಿದೆ, ನಮ್ಮಣ್ಣ ಹೇಗಿದ್ದಾನೆ ಅಂತ. ಅವನು, "ಅದನ್ನ ಅಕ್ಕಾವ್ರನ್ನೇ ಕೇಳಿ" ಅಂದ. ನಾನು ಫೋನ್ ಇಟ್ಟುಬಿಟ್ಟೆ. ನಿಮ್ಮ ಬಾಯಲ್ಲಿ ಚೆನ್ನಾಗಿದ್ದಾರೆ ಎಂದು ಕೇಳಿಸಿಕೊಂಡರೆ ಮತ್ತೆ ನಂಬುತ್ತಿದ್ದೆ. ಕಾಗದದಲ್ಲಿ ನಿಮಗೆ ಸುಳ್ಳು ಹೇಳಲು ಬರುವುದಿಲ್ಲ.

ನನಗೆ ಇಷ್ಟೆಲ್ಲ ಹೇಗೆ ಗೊತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ನಾನಿರುವುದು ಆಸ್ಪತ್ರೆಯಲ್ಲಲ್ಲ. ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆಯಲ್ಲಿ. ಇಲ್ಲಿ ಡಿಸೆಂಬರ್ ತನಕ ಮೇಲಿನವರ ಕೈಕೆಳಗೆ ಕೆಲಸ ಮಾಡಿ ತೋರಿಸಿದರೆ ಮಾತ್ರ ನರ್ಸ್ ಎಂದು ಈ ದೇಶದಲ್ಲಿ ನನ್ನ ಹೆಸರು ದಾಖಲಾಗುತ್ತದೆ. ಅಣ್ಣ ಸ್ಟೇಷನ್ ತುಂಬ ದೊಡ್ಡಾಸ್ಪತ್ರೆ ಎಂದು ಹೇಳಿಕೊಂಡು ಬಂದಿದ್ದಾನೆ ಅಂತ ಸುಮ್ಮನಿದ್ದೆ. ಪಾರ್ಶ್ವವಾಯು ಆದವರಿಗೆ ಉಣಿಸುವುದೇ ನನ್ನ ದಿನದ ಕೆಲಸ. ಬೇರೆಯವರ ಅಣ್ಣಂದಿರಿಗೆ, ಅಪ್ಪಂದಿರಿಗೆ ಉಣಿಸುತ್ತಿದ್ದೇನೆ.

ಟಿಕೆಟ್ ವಿಚಾರಿಸಿದ್ದೇನೆ. ಉತ್ತರ ಬೇಗ ಬರೆಯಿರಿ.

ಮಾಲಿನಿ


ಅರಸೀಕೆರೆ
31 ಆಗಸ್ಟ್ 2003

ಮಾಲಿನಿ,

ಬಲಗೈ. ಬಲಗಾಲೂ ಸ್ವಲ್ಪ. ಕಾಲು ಪರವಾಗಿಲ್ಲ, ಈಗ ಗೋಡೆ ಹಿಡಿದು ಬಚ್ಚಲ ತನಕ ನಡೆಯುತ್ತಾರೆ. ಮಾತು ಒಂದೊಂದೇ ಬರುತ್ತದೆ, ಅದೂ ತೊದಲು.

ನೀನು ಬರೆದಂತೆ ಅಂಬಲಿ ಮಾಡಿ ಚಮಚದಲ್ಲಿ ಕೊಡುತ್ತಿದ್ದೇವೆ. ಹಾಸನದ ಡಾಕ್ಟರಿಗೂ ಹೇಳಿದೆ, ಅವರೂ ಅದನ್ನೇ ಹೇಳಿದರು. ಕೆಮ್ಮು ಬಹಳ ಕಡಿಮೆಯಾಗಿದೆ. ಅದಕ್ಕಾಗಿ ನಿನಗೆ ಹೇಗೆ ಕೃತಜ್ಞತೆ ಹೇಳಲಿ ಗೊತ್ತಿಲ್ಲ.

ಆದದ್ದು ಜೂನ್ ಮೊದಲ ವಾರ. ಬೆಳಿಗ್ಗೆ ಡ್ಯೂಟಿಗೆ ಹೊರಟಿದ್ದರು. ಬಿಳಿ ಶರ್ಟಿನ ಗುಂಡಿ ಹಾಕಲು ಆಗುತ್ತಿಲ್ಲ, ಹಾಕು ಬಾ ಎಂದು ನನ್ನನ್ನು ಕರೆದರು. ನಗುತ್ತಿದ್ದರು. ನಗು ಒಂದೇ ಕಡೆಗಿತ್ತು. ನಾನು ಕೊನೆಯ ಗುಂಡಿ ಹಾಕುವಷ್ಟರಲ್ಲಿ ನನ್ನ ಮೇಲೆ ವಾಲಿದರು. ಪಕ್ಕದ ಮನೆ ದೇವೇಂದ್ರ, ಇವರ ಜೊತೆಯ ಗಾರ್ಡು, ಜೀಪು ತಂದು ಹಾಸನದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಇವರು ನನಗೆ ಅರ್ಥವಾಗುವಂತೆ ಆಡಿದ ಮೊದಲ ಮಾತು, "ಮಾಲಿನಿಗೆ... ಬ್ಯಾಡ." ಅದನ್ನು ಹೇಳಲು ಎಷ್ಟು ಕಷ್ಟಪಟ್ಟರು ಎಂದರೆ ನನಗೆ ಮೀರಲಾಗಲಿಲ್ಲ. ನೀನು ಓಡಿ ಬರುತ್ತೀಯ, ಅಲ್ಲಿಯ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎನ್ನುವುದೇ ಇವರ ಚಿಂತೆ.

ಆದರೆ ನಿಜವಾದ ಕಷ್ಟ ಕೈಯದಲ್ಲ, ಊಟದ್ದು. ಮನೆಗೆ ಬಂದ ಮೇಲೆ ಅತ್ತೆ ತುತ್ತು ಮಾಡಿ ಬಾಯಿಗಿಡುತ್ತಿದ್ದರು, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಒಂದು ಮಧ್ಯಾಹ್ನ ಗಾರ್ಡುಗಳು ತಂಗುವ ರನ್ನಿಂಗ್ ರೂಮಿನಿಂದ ನಾಲ್ಕು ಜನ ನೋಡಲು ಬಂದರು. ಅತ್ತೆ ಸೆರಗಿನಲ್ಲಿ ಇವರ ಬಾಯಿ ಒರೆಸುತ್ತಿದ್ದಾಗಲೇ ಬಂದುಬಿಟ್ಟರು. ಅವತ್ತಿನಿಂದ ಯಾರು ಉಣಿಸಿದರೂ ಬಾಯಿ ತೆರೆಯುವುದಿಲ್ಲ. ಎಡಗೈಯಲ್ಲಿ ತಿನ್ನಿರಿ ಎಂದರೆ, "ತೊಳಿಯೋ... ಕೈ" ಎಂದು ಮುಖ ತಿರುಗಿಸುತ್ತಾರೆ. ಚಮಚ ಕೊಟ್ಟೆ, ಎಸೆದರು. ಕೊನೆಗೆ ತಟ್ಟೆಯನ್ನು ರೂಮಿನಲ್ಲಿಟ್ಟು ಬಾಗಿಲು ಹಾಕಿಕೊಂಡು ಬರತೊಡಗಿದೆ. ಆಗ ಏನೋ ಸ್ವಲ್ಪ ತಿನ್ನುತ್ತಾರೆ. ಹೇಗೆ ತಿನ್ನುತ್ತಾರೋ ನೋಡಿಲ್ಲ. ಅಂಬಲಿಯ ಹೊತ್ತಿಗೆ ಮಾತ್ರ ನನ್ನನ್ನು ಒಳಗೆ ಬಿಡುತ್ತಾರೆ, ಅದು ಔಷಧಿ ಎಂದು ಹೇಳಿದ್ದೇನೆ.

ಮುದ್ದೆಯನ್ನು ಒಂದು ಕೈಯಲ್ಲಿ ಮುರಿದು ಸಾರಿಗೆ ಅದ್ದುವುದು ಆಗದು, ಸಾರು ಅಂಗಿಯ ಮೇಲೆಲ್ಲ. ಅನ್ನ ಚೆಲ್ಲುತ್ತದೆ. ಅದಕ್ಕೇ ನಿನ್ನನ್ನು ಮೀನು ಕೇಳಿದ್ದು. ಅದೊಂದನ್ನು ಅರ್ಧವಾದರೂ ತಿನ್ನುತ್ತಾರೆ, ಮಿಕ್ಕ ದಿನ ತಟ್ಟೆ ಹಾಗೇ ಬರುತ್ತದೆ. ನಿಮ್ಮಣ್ಣನ ಭುಜದ ಮೂಳೆ ಕಾಣುತ್ತಿವೆ ಮಾಲಿನಿ. ಕಾಯಿಲೆಯಿಂದ ಉಳಿದವರು ಉಪವಾಸದಿಂದ ಹೋಗುತ್ತಾರೇನೋ ಎಂದು ನನಗೆ ಭಯ.

ನೀನು ಬರಬೇಡ. ಬಂದರೆ ಇವರು ಇನ್ನೂ ಕುಗ್ಗುತ್ತಾರೆ. ಉಣಿಸುವವರು ಇಲ್ಲಿ ಇದ್ದೇವೆ, ಉಣ್ಣುವುದು ಹೇಗೆಂದು ಹೇಳು.

ಆಸ್ಪತ್ರೆಯ ವಿಷಯ ಇವರಿಗೆ ಹೇಳಿಲ್ಲ. ನೀನು ಹೇಳು ಎಂದರೆ ಹೇಳುತ್ತೇನೆ.

ಲತಾಮಣಿ


ಅಬರ್ಡೀನ್
12 ಸೆಪ್ಟೆಂಬರ್ 2003

ಅತ್ತಿಗೆ,

ಬರುತ್ತೇನೆ ಎಂದು ಬರೆದ ಕಾಗದವನ್ನು ಹರಿದೆ. ಬರುವುದಿಲ್ಲ ಎಂದು ಬರೆದದ್ದನ್ನೂ ಹರಿದೆ. ಇದು ಮೂರನೆಯದು. ನೀವು ಬೇಡವೆಂದರೆ ಡಿಸೆಂಬರ್ ತನಕ ಇಲ್ಲೇ ಇರುತ್ತೇನೆ. ಇದು ನಿಮ್ಮ ಮಾತಿಗೆ, ಅಣ್ಣನ ಮಾತಿಗಲ್ಲ.

ಇಲ್ಲಿ ಮಿಸೆಸ್ ರೀಡ್ ಎಂಬವರು ಇದ್ದಾರೆ. ಅಣ್ಣನ ಹಾಗೆಯೇ ಬಲಗಡೆ ಹೋಗಿದೆ. ನಾನು ಸೇರಿದ ಹೊಸತರಲ್ಲಿ ತಟ್ಟೆ ಹಿಡಿದು ಅವರ ಪಕ್ಕದಲ್ಲಿ ನಿಂತು ತಿನ್ನಿಸಲು ಹೋಗುತ್ತಿದ್ದೆ. ತುಟಿ ಬಿಗಿಯುತ್ತಿದ್ದರು. ಒಂದು ದಿನ ನನಗೂ ಹಸಿವಾಗಿತ್ತು. ಮೇಲಿನವರು ನೋಡಿದರೆ ಬೈಯುತ್ತಾರೆ ಎಂದು ಗೊತ್ತಿದ್ದರೂ ನನ್ನ ಡಬ್ಬಿ ತೆಗೆದು ಅವರ ಎದುರೇ ಕೂತು ತಿನ್ನತೊಡಗಿದೆ. ಅವರು ನನ್ನನ್ನು ನೋಡುತ್ತ ನೋಡುತ್ತ ತಾವೇ ಫೋರ್ಕ್ ಎತ್ತಿಕೊಂಡರು. ಎದುರಿಗೆ ನಿಂತವರ ಮುಂದೆ ಉಣ್ಣುವುದು ಯಾರಿಗೂ ಆಗದು, ಜೊತೆಗೆ ಕೂತವರ ಮುಂದೆ ಆಗುತ್ತದೆ. ನನಗೆ ತಿಳಿದದ್ದು ಇಷ್ಟೇ.

ಮಿಸೆಸ್ ರೀಡ್‌ಗೆ ಒಂದು ಅನುಕೂಲ ಇತ್ತು. ಈ ಊರಿನಲ್ಲಿ ಎಲ್ಲರೂ ಫೋರ್ಕನ್ನು ಎಡಗೈಯಲ್ಲೇ ಹಿಡಿಯುವುದು. ಡಾಕ್ಟರು, ಪಾದ್ರಿ ಎಲ್ಲರೂ. ನಾಚಿಕೆಪಡಲು ಅಲ್ಲಿ ಏನೂ ಇಲ್ಲ. ನಾನೂ ಇಲ್ಲಿ ಎಡಗೈಯಲ್ಲೇ ತಿನ್ನುತ್ತೇನೆ ಅತ್ತಿಗೆ. ನಾನು ಹುಟ್ಟಾ ಎಡಚಿ, ನಿಮಗೆ ಗೊತ್ತಿರಲಿಕ್ಕಿಲ್ಲ. ಚಿಕ್ಕವಳಿದ್ದಾಗ ಎಡಗೈ ತಟ್ಟೆಗೆ ಹೋದರೆ ಅವ್ವ ಬೇವಿನೆಣ್ಣೆ ಹಚ್ಚುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಆ ಕೈ ತಾನಾಗಿಯೇ ಹೊರಬಂತು.

ಅಣ್ಣನಿಗೆ ನಾನು ಬುದ್ಧಿ ಹೇಳಲಾರೆ. ಅವನು ಕೇಳುವವನೂ ಅಲ್ಲ. ಈ ಕಾಗದವನ್ನು ಅವ್ವನಿಗೆ ಓದಿ ಹೇಳಿ. ಅಣ್ಣನಿಗೆ ಕೇಳಿಸುವಂತೆ ಬೇಡ. ನನ್ನ ಕೆಲಸದ ವಿಷಯ ಮಾತ್ರ ಅವನಿಗೂ ಹೇಳಿಬಿಡಿ.

ಮಾಲಿನಿ


ಅರಸೀಕೆರೆ
28 ಸೆಪ್ಟೆಂಬರ್ 2003

ಪ್ರೀತಿಯ ಮಾಲಿನಿ,

ನಿನ್ನ ಕಾಗದವನ್ನು ಅತ್ತೆಗೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದಿದೆ. ಬೇವಿನೆಣ್ಣೆಯ ಮಾತು ಬಂದಾಗ ಸೆರಗು ಸರಿಮಾಡಿಕೊಂಡರು. ಅವತ್ತು, ಮಾರನೆಯ ದಿನ ಎಲ್ಲ ಹಿಂದಿನಂತೆಯೇ.

ಗುರುವಾರ ಮೀನು ತಂದಿದ್ದೆ. ಬೆಂದ ಮೇಲೆ ಇವರ ತಟ್ಟೆಯನ್ನು ರೂಮಿನಲ್ಲಿಟ್ಟು, ಕೆಳಗೆ ಒದ್ದೆ ಬಟ್ಟೆ ಹಾಸಿ, ಬಾಗಿಲು ಎಳೆದುಕೊಳ್ಳಲು ಹೋದೆ.

"ಬಾಗಿಲು ಹಾಕಬ್ಯಾಡ ಕಣವ್ವ" ಎಂದರು ಅತ್ತೆ. ತಮ್ಮ ತಟ್ಟೆ ಹಿಡಿದು ಒಳಗೆ ಬಂದು ಮಗನ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ಇವರು ಗೋಡೆಯ ಕಡೆ ಮುಖ ಮಾಡಿದರು. ಅತ್ತೆ ಅದನ್ನು ಗಮನಿಸದವರಂತೆ ಬಲಗೈಯನ್ನು ಸೆರಗಿನೊಳಗೆ ಸುತ್ತಿ ಇಟ್ಟುಕೊಂಡು, ಎಡಗೈಯನ್ನು ತಟ್ಟೆಗೆ ಹಾಕಿದರು.

ಸದ್ದಿಗೆ ಇವರು ತಿರುಗಿ ನೋಡಿದರು. "ಏ... ನವ್ವಾ" ಎಂದರು.

"ಉಣ್ತಾ ಇವ್ನಿ."

"ಆ... ಕೈ."

"ಕೈಗೇನಾಗೈತೆ? ನಿನ್ನ ಎರಡು ಕೈನೂ ನಾನೇ ಹೆತ್ತಿದ್ದು. ಬಲಗಡೇನ ಮನುಷ್ಯರಿಗೆ, ಎಡಗಡೇನ ನಾಯಿಗೆ ಅಂತ ಹೆರಲಿಲ್ಲ. ಒಂದು ಮಲಗೈತೆ, ಒಂದು ಎದ್ದೈತೆ. ಎದ್ದಿರೋದೇ ತಾನೆ ಕೆಲಸ ಮಾಡ್ಬೇಕು."

ಹೀಗೆ ಹೇಳಿದರೇ ಹೊರತು ಅತ್ತೆಯ ಕೈಗೆ ಮೀನು ಸಿಕ್ಕುತ್ತಲೇ ಇರಲಿಲ್ಲ. ಎತ್ತಿದ್ದು ಅರ್ಧ ದಾರಿಯಲ್ಲಿ ಬೀಳುತ್ತಿತ್ತು. ಬಾಯಿಗೆ ಹೋಗಬೇಕಾದದ್ದು ಗಲ್ಲಕ್ಕೆ ಮೆತ್ತಿಕೊಂಡಿತು, ಸಬ್ಬಸಿಗೆಯ ಎಸಳೊಂದು ಮೂಗುಬೊಟ್ಟಿಗೆ ಅಂಟಿತು. ನನಗೆ ನಗು ಬಂತು, ಅಳುವೂ ಬಂತು. ನಾನೂ ತಟ್ಟೆ ತಂದು ಕೂತು ಎಡಗೈ ಹಾಕಿದೆ. ನನ್ನದೂ ಅದೇ ಪಾಡು. ನಮ್ಮ ಕೈ ನಮ್ಮದೇ ಅಲ್ಲವೇನೋ ಎನ್ನಿಸುತ್ತದೆ ಮಾಲಿನಿ. ಇಷ್ಟು ದಿನ "ಎಡಗೈಲಿ ತಿನ್ನಿ" ಎಂದು ಎಷ್ಟು ಸಲೀಸಾಗಿ ಹೇಳಿದ್ದೆ.

ಇವರು ಬಹಳ ಹೊತ್ತು ನೋಡಿದರು. ಅತ್ತೆ ಮೀನನ್ನು ಮತ್ತೆ ಬೀಳಿಸಿದಾಗ, "ಹಂಗಲ್ಲ" ಎಂದರು. ತಮ್ಮ ಎಡಗೈಯನ್ನು ಮುಂದೆ ತಂದು, ಹೆಬ್ಬೆರಳಿನಿಂದ ಮೀನನ್ನು ತಟ್ಟೆಯ ಅಂಚಿಗೆ ಒತ್ತಿ ಬಿಡಿಸಿ, ಮೂರು ಬೆರಳಲ್ಲಿ ಎತ್ತಿ ತೋರಿಸಿದರು. ಒಂದು ಚೂರೂ ಬೀಳಲಿಲ್ಲ. ಬಾಗಿಲು ಹಾಕಿಕೊಂಡು ಇವರು ದಿನವೂ ಅದನ್ನೇ ಕಲಿಯುತ್ತಿದ್ದರು ಎಂದು ಆಗ ನನಗೆ ತಿಳಿಯಿತು. ನಾವು ಮೂವರಲ್ಲಿ ಚೆನ್ನಾಗಿ ಉಣ್ಣಲು ಬರುತ್ತಿದ್ದುದು ಇವರೊಬ್ಬರಿಗೇ.

"ಒ... ತ್ತು. ಆಮ್ಯಾಕೆ ಎತ್ತು" ಎಂದು ಅವ್ವನಿಗೆ ಕಲಿಸುತ್ತ ಕಲಿಸುತ್ತ ತಾವೂ ತಿಂದರು. ಪೂರ್ತಿ ತಿಂದರು. ಕೊನೆಯಲ್ಲಿ "ಉಪ್ಪು... ಕಮ್ಮಿ" ಎಂದರು. ಉಪ್ಪು ಹಾಕಲಿಲ್ಲ, ಅದು ಡಾಕ್ಟರ ಮಾತು.

ನಿನ್ನ ಕೆಲಸದ ವಿಷಯವನ್ನು ಅವತ್ತೇ ಹೇಳಿದೆ, ಹೊಟ್ಟೆ ತುಂಬಿದೆ ಎಂಬ ಧೈರ್ಯದ ಮೇಲೆ. "ಟೇಸನ್‌ನಲ್ಲಿ... ಆಸ್ಪತ್ರೆ ಅಂತ್ಲೇ... ಇರ್ಲಿ" ಎಂದರು. ಆಮೇಲೆ ನಿನಗೆ ಊಟ ಸರಿಹೋಗುತ್ತದೆಯೇ ಎಂದು ಕೇಳಿದರು.

ದಿನವೂ ಹೀಗೇ ಇದೆ ಎಂದು ತಿಳಿಯಬೇಡ. ಮಾರನೆಯ ಸಂಜೆ ಮತ್ತೆ ಬಾಗಿಲು ಹಾಕು ಎಂದರು, ಹಾಕಿದೆ. ಶನಿವಾರ ತೆರೆದೇ ಇತ್ತು.

ಲತಾಮಣಿ


ಅಬರ್ಡೀನ್
11 ಅಕ್ಟೋಬರ್ 2003

ಅತ್ತಿಗೆ,

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದಿ ಇಳಿಯುವ ಸ್ಟಾಪು ದಾಟಿ ಹೋದೆ. ಮಳೆಯಲ್ಲಿ ನಡೆದು ಬಂದೆ.

ಇಲ್ಲಿಗೆ ಬಂದಾಗಿನಿಂದ ನಿಮಗೆಲ್ಲ ಬರೆದ ಮೀನಿನ ಊಟವನ್ನು ನಾನು ನಿಂತುಕೊಂಡೇ ತಿನ್ನುತ್ತಿದ್ದೆ, ಅಡಿಗೆ ಮನೆಯ ಕಟ್ಟೆಯ ಹತ್ತಿರ. ಒಬ್ಬಳೇ ಇರುವಾಗ ಕೂರಬೇಕು ಅನ್ನಿಸುವುದಿಲ್ಲ. ನಿನ್ನೆ ಕೆಳಗಿನ ಮನೆಯ ಕೇರಳದ ಹುಡುಗಿಯನ್ನು ಕರೆದೆ. ಅವಳೂ ನರ್ಸ್. ತನ್ನ ಡಬ್ಬಿಯ ಅನ್ನ ತಂದಳು. ಇಬ್ಬರೂ ಕೂತು ಉಂಡೆವು. ಅವಳಿಗೆ ಸಬ್ಬಸಿಗೆ ಹಿಡಿಸಲಿಲ್ಲ, ಎಲ್ಲವನ್ನೂ ಆರಿಸಿ ಪಕ್ಕಕ್ಕಿಟ್ಟಳು.

ಡಿಸೆಂಬರ್‌ನಲ್ಲಿ ನನ್ನ ಅವಧಿ ಮುಗಿಯುತ್ತದೆ. ಜನವರಿಯಲ್ಲಿ ರಜೆ ಕೇಳಿದ್ದೇನೆ, ಕೊಡುತ್ತಾರೆ. ಕೆಲಸ ಬಿಟ್ಟು ಬರುತ್ತಿಲ್ಲ, ರಜೆಯ ಮೇಲೆ ಬರುತ್ತಿದ್ದೇನೆ ಎಂದು ಅಣ್ಣನಿಗೆ ಬಿಡಿಸಿ ಹೇಳಿ.

ಅವನಿಗೆ ಮಾತನಾಡಲು ಬಿಡಿ. ಪದ ಸಿಕ್ಕದೆ ತಡವರಿಸಿದಾಗ ಅಯ್ಯೋ ಪಾಪ ಎಂದು ನೀವು ಮುಗಿಸಿಕೊಡಬೇಡಿ. ಎಷ್ಟು ಹೊತ್ತಾದರೂ ಅವನೇ ಮುಗಿಸಲಿ.

ಮಾಲಿನಿ


ಅರಸೀಕೆರೆ
30 ಅಕ್ಟೋಬರ್ 2003

ಪ್ರೀತಿಯ ಮಾಲಿನಿ,

ದಸರಾ ರಜೆ ಮುಗಿದು ಶಾಲೆ ಶುರುವಾಗಿ, ಮತ್ತೆ ಅದೇ ಟೆಂಪೋ, ಅದೇ ಸಂಜೆ. ಜನವರಿಗೆ ಬರುತ್ತೀಯ ಎಂದಾಗಿನಿಂದ ಅತ್ತೆ ಹುರುಳಿ ಆರಿಸಿ ಇಡುತ್ತಿದ್ದಾರೆ. ನಿನ್ನ ಊರಿನಲ್ಲಿ ಹುರುಳಿ ಸಿಗುವುದಿಲ್ಲವಂತೆ, ಯಾರು ಹೇಳಿದರೋ.

ಇವರು ಈಗ ಕೋಲು ಹಿಡಿದು ಜಗಲಿಯ ತನಕ ಬರುತ್ತಾರೆ. ಗೂಡ್ಸ್ ಹೋಗುವ ಸದ್ದಿಗೆ ವ್ಯಾಗನ್ ಎಣಿಸುತ್ತಾರೆ. ಬಲಗೈ ಹಾಗೇ ಇದೆ. ಬೆರಳು ಅಲ್ಲಾಡಿತು ಎಂದು ಅತ್ತೆ ಒಂದು ದಿನ ಹೇಳಿದರು, ನನಗೆ ಕಾಣಲಿಲ್ಲ. ಮತ್ತೆ ಗಾಡಿಯ ಮೇಲೆ ಹೋಗುವುದು ಆಗಲಾರದು ಎಂದು ಡಾಕ್ಟರು ಹೇಳಿದ್ದಾರೆ. ಕೂತು ಮಾಡುವ ಕೆಲಸ ಕೊಡುತ್ತಾರೇನೋ ಎಂದು ದೇವೇಂದ್ರ ವಿಚಾರಿಸುತ್ತಿದ್ದಾರೆ. ಈ ಮಾತು ಇವರಿಗೂ ಗೊತ್ತು.

ನಿನ್ನೆ ದೇವೇಂದ್ರ ಊಟದ ಹೊತ್ತಿಗೇ ಬಂದರು. ಬಾಗಿಲು ಎಳೆಯಲು ನಾನು ಎದ್ದೆ. ಇವರು ಎಡಗೈ ತಟ್ಟೆಯಿಂದ ತೆಗೆಯಲಿಲ್ಲ. "ಕೂ... ತ್ಕೊ" ಎಂದರು. ಅವರಿಗೂ ಒಂದು ಎಲೆ ಬಿಚ್ಚಿ ಬಡಿಸಿದೆ. ದೇವೇಂದ್ರ ಒಂದು ತುತ್ತು ಬಾಯಿಗಿಟ್ಟು, ಇವರ ಮುಖ ನೋಡಿ, ಸಪ್ಪೆಗಿದೆ ಎನ್ನಲಾರದೆ ನೀರು ಕುಡಿದರು. ಅವರು ಹೋದ ಮೇಲೆ ಇವರು ತಟ್ಟೆ ದೂಡಿದರು.

"ಏನಾಯ್ತು?" ಎಂದೆ.

"ಹುರಿ."

"ಹುರಿದಿದ್ದು ತಿನ್ನಬಾರದು, ಡಾಕ್ಟರು ಹೇಳಿಲ್ವಾ?"

ಸಿಟ್ಟಿನಿಂದ ಮುಖ ಕೆಂಪಾಯಿತು. ಪದಕ್ಕೆ ಹುಡುಕುತ್ತಿದ್ದರು. ನಿನ್ನ ಮಾತು ನೆನೆದು ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಆಮೇಲೆ ಎಡಗೈಯಲ್ಲಿ ನೆಲ ಗುದ್ದಿ ಬಂತು ನೋಡು:

"ಜವರಪ್ಪ ಅಂಥಾ ಒಳ್ಳೆ ಮೀನ್ ಕೊಡ್ತಾನೆ, ನೀನು ಅದನ್ನ ಎಲೇಲಿ ಸುತ್ತಿ ಸ್ನಾನ ಮಾಡ್ಸಿ ತಂದಿಕ್ತೀಯ. ಮನೆಗೆ ಬಂದೋನ್ಗೆ ಇಂಥದ್ನ ಇಕ್ಕಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಮೆಣಸಿನ ಪುಡಿ ಏನು ಊರಲ್ಲೇ ಖಾಲಿಯಾಗೈತಾ?"

ಒಂದೇ ಉಸಿರಿಗೆ. ಒಂದೂ ತೊದಲಿಲ್ಲದೆ. ತಾವು ಏನು ಮಾಡಿದೆವೆಂದು ಇವರಿಗೇ ತಿಳಿಯಲಿಲ್ಲ, ಮುಂದುವರಿಸಿದರು. ನನ್ನ ಅಡಿಗೆ, ನಮ್ಮ ತವರಿನ ಅಡಿಗೆ, ಹಾಸನದ ಡಾಕ್ಟರು, ಯಾರನ್ನೂ ಬಿಡಲಿಲ್ಲ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಇವರು ಬೈದು ಮುಗಿಸುವ ತನಕ ನಾವಿಬ್ಬರೂ ತಟ್ಟೆ ಬಿಟ್ಟು ಏಳಲಿಲ್ಲ.

ಲತಾಮಣಿ